ಮೂರನೇ ಜಾಗದ ಕೆಸರು

ಏಪ್ರಿಲ್ ೧೨

ಅಪ್ಪಾ,

ಮದುವೆಯಾಗಿ ಇಪ್ಪತ್ತೆರಡು ದಿನ! ಪತ್ರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬಯ್ಯಬೇಡಿ. ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಇನ್ನರ್ಧ ಕೇಳಿಸಿದರೂ ಕೇಳಿಸದವರ ಹಾಗೆ ಇದ್ದುಬಿಡುತ್ತೀರಿ. ನಲವತ್ತು ವರ್ಷ ಸುತ್ತಿಗೆ ಬಡಿದ ಕಿವಿ ಎಂಬ ನೆಪ ಬೇರೆ. ಹಾಗಾಗಿ ಇನ್ನು ಮುಂದೆ ಪತ್ರವೇ. ಇಂಗ್ಲಿಷ್ ಶಾಲೆಗೆ ಹೋದವಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಅನ್ನುತ್ತೀರಿ, ಗೊತ್ತು. ಹರಳು ನೋಡುವ ಭೂತಕನ್ನಡಿ ಇದೆಯಲ್ಲ, ಕಣ್ಣಿಗೆ ಸಿಕ್ಕಿಸಿಕೊಂಡು ಓದಿ.

ಮನೆ ಐದನೇ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಒಬ್ಬರು ನಿಂತರೆ ಇನ್ನೊಬ್ಬರು ಉಸಿರು ಬಿಗಿಹಿಡಿಯಬೇಕಾದ ಬಾಲ್ಕನಿ. ನಿಮ್ಮ ಅಳಿಯ ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುತ್ತಾರೆ, ನಮ್ಮ ಕಟ್ಟಡದ ಲಿಫ್ಟ್ ಮಾತ್ರ ಕೆಟ್ಟು ಕೂತಿದೆ! ಕೇಳಿದರೆ, "ಅದು ನಮ್ಮ ಕಂಪನೀದಲ್ಲ ಕಣೇ, ಬೇರೆಯವರ ಲಿಫ್ಟಿಗೆ ನಾನು ಕೈ ಹಾಕೋ ಹಾಗಿಲ್ಲ" ಅನ್ನುತ್ತಾರೆ. ದಿನಾ ನೂರಾ ಹನ್ನೆರಡು ಮೆಟ್ಟಿಲು. ಮೂರನೇ ಮಹಡಿಯಲ್ಲಿ ನಿಂತು ಇಬ್ಬರೂ ಏದುಸಿರು ಬಿಡುತ್ತಾ ನಗುತ್ತೇವೆ. ಈಗೀಗ ನನಗೆ ಯಾವುದಕ್ಕೆ ನಗು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ಲೆಕ್ಕವೇ ಇಲ್ಲ ಅಪ್ಪಾ. ಇವರು ಚಪ್ಪಲಿ ಹುಡುಕುವುದನ್ನು ನೋಡಿದರೂ ನಗು.

ಒಂದೇ ಒಂದು ತೊಂದರೆ, ಅದೂ ನಿಮ್ಮಿಂದಲೇ. ನೀವು ಮಾಡಿಕೊಟ್ಟ ಉಂಗುರ ಬಿಗಿ. ಹಾಕಿಕೊಂಡ ದಿನ ಸಲೀಸಾಗಿ ಹೋಯಿತು, ಈಗ ಹೊರಗೆ ಬರಲು ಒಪ್ಪುತ್ತಿಲ್ಲ. ಎಣ್ಣೆ ಆಯಿತು, ಸೋಪು ಆಯಿತು. ಪ್ರಯೋಗಾಲಯದಲ್ಲಿ ನಮ್ಮ ದೊಡ್ಡ ಮೇಡಂ ಅವರ ಮೊದಲ ನಿಯಮವೇ ಇದು: "ಲೋಹ ಅಳೆಯೋ ಮನೆಗೆ ಲೋಹ ಹಾಕ್ಕೊಂಡು ಬರಬಾರದು." ಬಾಗಿಲ ಪಕ್ಕ ಗೋಡೆಯಲ್ಲಿ ಪ್ಲಾಸ್ಟಿಕ್ ಮೊಳೆಗಳ ಸಾಲಿದೆ, ಒಬ್ಬೊಬ್ಬರಿಗೆ ಒಂದು. ಬಂದ ತಕ್ಷಣ ಗಡಿಯಾರ, ಸರ, ಉಂಗುರ ಎಲ್ಲ ಬಿಚ್ಚಿ ಅಲ್ಲಿ ತೂಗುಹಾಕಬೇಕು. ಏಳನೆಯದು ನನ್ನದು. ಮದುವೆ ರಜೆ ಮುಗಿಸಿ ಹೋದ ದಿನ ಎಲ್ಲರೂ, "ಏನಮ್ಮಾ ಮದುಮಗಳೇ, ಏಳನೇ ಮೊಳೆ ಉಪವಾಸ ಬಿದ್ದಿದೆಯಲ್ಲ!" ಎಂದು ಕಾಡಿದರು. ನಾನು ಸರ ಬಿಚ್ಚಿ ತೂಗುಹಾಕಿದೆ. ಉಂಗುರದ ಮೇಲೆ ಕೈಗವಸು ಹಾಕಿಕೊಂಡೆ. ಯಾರಿಗೂ ಗೊತ್ತಾಗಲಿಲ್ಲ!

ನಮ್ಮ ಮನೆ ಹತ್ತಿರ ಒಂದು ಅಂಗಡಿಯವರು ಉಂಗುರ ಕತ್ತರಿಸಿ, ನಡುವೆ ಸಣ್ಣ ತುಂಡು ಬೆಸೆದು, ಹತ್ತೇ ನಿಮಿಷದಲ್ಲಿ ದೊಡ್ಡದು ಮಾಡಿಕೊಡುತ್ತಾರಂತೆ. ಮಾಡಿಸಲೇ?

ಇನ್ನೊಂದು ಮುಖ್ಯ ಸುದ್ದಿ. ನದಿಯ ಉದ್ದಕ್ಕೂ ಒಂಬತ್ತು ಜಾಗದಲ್ಲಿ ತಳದ ಕೆಸರು ಎತ್ತಿ, ಅದರಲ್ಲಿ ಸೀಸ, ತಾಮ್ರ, ಕ್ಯಾಡ್ಮಿಯಂ ಎಷ್ಟಿದೆ ನೋಡಬೇಕು. ಮೂರನೇ ಜಾಗ ಯಾವುದು ಹೇಳಿ? ನಮ್ಮ ಸೇತುವೆಯ ಕೆಳಗೆ! ನಮ್ಮ ಬೀದಿಯ ಚರಂಡಿ ನದಿಗೆ ಸೇರುವಲ್ಲಿ! ವ್ಯಾನಿನಿಂದ ಹಾರಿ ಐದು ನಿಮಿಷ ನಿಮ್ಮನ್ನು ನೋಡಿ ಬರುತ್ತೇನೆ.

ಖುಷಿಯಲ್ಲಿ ಮುಳುಗಿರುವ,
ನಿಮ್ಮ ಗುಬ್ಬಿ


ಏಪ್ರಿಲ್ ೨೧

ಗುಬ್ಬಿ,

ಪತ್ರ ತಲುಪಿತು. ನೀನು ಅದಕ್ಕಿಂತ ಎರಡು ದಿನ ಮೊದಲೇ ತಲುಪಿದ್ದೆ. ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದೆ, ನಿಂತೇ ನೀರು ಕುಡಿದೆ, ವ್ಯಾನಿನವರು ಹಾರ್ನ್ ಮಾಡಿದರು, ಹೋದೆ. ಹದಿನಾಲ್ಕು ನಿಮಿಷ. ಅಂಗಡಿಯ ನೆಲದ ಮೇಲೆ ನಿನ್ನ ಹೆಜ್ಜೆ ಒಣಗಿದ ಮೇಲೆ ಗುಡಿಸಿದೆ. ಆ ಮಣ್ಣೂ ಡಬ್ಬಕ್ಕೇ ಹೋಯಿತು. ಗುಡಿಸಿದ್ದನ್ನು ಹೊರಗೆ ಎಸೆಯುವ ಅಭ್ಯಾಸ ನಮ್ಮಲ್ಲಿ ಇಲ್ಲವಲ್ಲ.

ಉಂಗುರ ಕತ್ತರಿಸಬೇಡ. ಬೇರೆ ಯಾರ ಕೈಗೂ ಕೊಡಬೇಡ. ಹತ್ತು ನಿಮಿಷದಲ್ಲಿ ಬೆಸೆದು ಕೊಡುವವರು ಏನು ಹಾಕಿ ಬೆಸೆಯುತ್ತಾರೆ ಎಂದು ನನಗೆ ಗೊತ್ತು. ಬೆರಳಿಗೆ ನೂಲು ಸುತ್ತಿ ತೆಗೆಯುವ ಉಪಾಯವಿದೆ, ಕೆಳಗೆ ಚಿತ್ರ ಬರೆದಿದ್ದೇನೆ.

ನೀನು ಕೆಸರು ತುಂಬುವುದನ್ನು ಜರಡಿ ಮಾವ ಮೆಟ್ಟಿಲ ಮೇಲಿಂದ ನೋಡುತ್ತಿದ್ದನಂತೆ. ಸಂಜೆ ಬಂದು, "ಮೂವತ್ತು ವರ್ಷದಿಂದ ಬೀದಿ ಕಸ ತೊಳ್ದು ಚಿನ್ನ ತೆಗೀತಿರೋನು ನಾನು. ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಿನ್ನ ಮಗಳನ್ನ ಓದಿಸಿದ್ಯಾ?" ಎಂದ. ನಗುತ್ತಲೇ ಕೇಳಿದ.

ಬಂದಾಗ ನನ್ನ ಕೆಮ್ಮಿನ ಬಗ್ಗೆ ಕೇಳಿದೆಯಲ್ಲ. ಅದು ಹವಾಮಾನದ್ದು.

ಅಪ್ಪ


ಮೇ ೯

ಅಪ್ಪಾ,

ನಿಮ್ಮ ನೂಲಿನ ಉಪಾಯ ಮಾಡಿದೆ. ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು, ಉಂಗುರ ಕದಲಲಿಲ್ಲ. ಇವರು ಗಾಬರಿಯಾಗಿ ಕತ್ತರಿ ಹುಡುಕಿ ನೂಲು ಕತ್ತರಿಸುವಷ್ಟರಲ್ಲಿ ನಾನು ಅತ್ತು, ನಕ್ಕು, ಮತ್ತೆ ಅತ್ತಿದ್ದೆ. "ಉಂಗುರಾನೇ ಇಷ್ಟು ಗಟ್ಟಿ ಹಿಡ್ಕೊಂಡಿದೆ, ಇನ್ನು ನೀನು ನನ್ನನ್ನ ಬಿಡೋ ಮಾತೇ ಇಲ್ಲ ಬಿಡು" ಎಂದರು. ಇರಲಿ ಬಿಡಿ. ನನಗೂ ತೆಗೆಯಲು ಮನಸ್ಸಿಲ್ಲ!

ಈ ವಾರವೆಲ್ಲ ಕೆಸರು ಅರೆಯುವ ಕೆಲಸ. ಎಷ್ಟು ಚೆನ್ನಾಗಿದೆ ಗೊತ್ತೇ? ಮೊದಲು ಒಲೆಯಲ್ಲಿ ಸಣ್ಣ ಕಾವಿನಲ್ಲಿ ಒಣಗಿಸಬೇಕು. ಆಮೇಲೆ ನೈಲಾನ್ ಜರಡಿ, ತಂತಿಯದು ಕೂಡದು. ಆಮೇಲೆ ಅಗೇಟ್ ಕಲ್ಲಿನ ಕುಟ್ಟಾಣಿಯಲ್ಲಿ ಮುಖಕ್ಕೆ ಹಚ್ಚುವ ಪುಡಿಯಷ್ಟು ನುಣ್ಣಗಾಗುವ ತನಕ ಅರೆಯಬೇಕು. ದೊಡ್ಡ ಮೇಡಂ ಹಿಂದೆ ನಿಂತು ಹೇಳುತ್ತಿರುತ್ತಾರೆ: "ನೀರು ನೋಡಿದ್ರೆ ಇವತ್ತಿನ ಸುದ್ದಿ ಗೊತ್ತಾಗುತ್ತೆ ಅಷ್ಟೆ. ಯಾರು ಹತ್ತು ವರ್ಷದಿಂದ ಏನು ಸುರಿದ್ರು ಅಂತ ತಿಳೀಬೇಕಾದ್ರೆ ಕೆಸರನ್ನ ಕೇಳು." ಲೋಹ ನೀರಿನ ಜೊತೆ ಹರಿದುಹೋಗುವುದಿಲ್ಲವಂತೆ. ಕೆಸರಿನ ಕಣಕ್ಕೆ ಅಂಟಿಕೊಂಡು ಕೂತಲ್ಲೇ ಕೂರುತ್ತದೆ.

ಅರೆಯುತ್ತಾ ಅರೆಯುತ್ತಾ ನಮ್ಮ ಅಂಗಡಿಯೇ ನೆನಪಾಯಿತು. ಶಾಲೆಯಿಂದ ಬಂದು ನಿಮ್ಮ ಮಣೆಯ ಹತ್ತಿರ ಕೂತರೆ, ಏಳುವಾಗ ನೀಲಿ ತೊಟ್ಟಿಯಲ್ಲಿ ಕೈ ತೊಳೆಸುತ್ತಿದ್ದಿರಿ. ಕೈಗೆ ಅಂಟಿದ ಚಿನ್ನದ ಧೂಳು ನನ್ನ ಜೊತೆ ಹೊರಗೆ ಹೋಗಬಾರದು! ತೊಟ್ಟಿಯ ನೀರು, ಗುಡಿಸಿದ ಧೂಳು, ಹಳೆಯ ಚಾಪೆ ಸುಟ್ಟ ಬೂದಿ ಎಲ್ಲವನ್ನೂ ಡಬ್ಬ ತುಂಬಿ ಜರಡಿ ಮಾವನಿಗೆ ಕೊಡುವುದು. ಅವನು ಸೇತುವೆ ಕೆಳಗಿನ ಮೆಟ್ಟಿಲ ಮೇಲೆ ಕೂತು ತೊಳೆದು ತೊಳೆದು ಕೊನೆಗೆ ಕಡ್ಡಿ ಪೆಟ್ಟಿಗೆಯಲ್ಲಿ ಒಂದು ಚಿಟಿಕೆ ಹಳದಿ ತರುವುದು. ಕೆಸರು ಅರೆಯುವ ಕೆಲಸ ನನಗೆ ಇಷ್ಟು ಬೇಗ ಒಲಿದದ್ದು ಯಾಕೆಂದು ಈಗ ಗೊತ್ತಾಯಿತು.

ಮೂರನೇ ಜಾಗದಲ್ಲಿ ಬರೀ ಕಲ್ಲು. ಜರಡಿ ಹಿಡಿದ ಮೇಲೆ ಅರ್ಧ ಲೋಟದಷ್ಟು ಉಳಿಯಿತು. ಅಷ್ಟನ್ನೂ ನಾನೇ ಅರೆದೆ. ಮುಗಿಸಿ ನೋಡಿದರೆ ಕೈಗವಸು ಉಂಗುರದ ಹತ್ತಿರ ಹರಿದಿದೆ! ಉಂಗುರದ ಕೆಳಬದಿಯಲ್ಲಿ ಹೊಳೆಯುವ ಒಂದು ಗೀರು. ಕಲ್ಲಿಗೆ ಉಜ್ಜಿರಬೇಕು. ಹೊಸ ಕೈಗವಸು ಹಾಕಿಕೊಂಡು ನಾಲ್ಕನೆಯದು ಅರೆದೆ. ಯಾರಿಗೂ ಹೇಳಲಿಲ್ಲ. ನಿಮ್ಮ ಉಂಗುರಕ್ಕೆ ಗೀರು ಬಿದ್ದದ್ದಕ್ಕೆ ಮಾತ್ರ ಬೇಜಾರು.

ನಿಮ್ಮ,
ಗುಬ್ಬಿ


ಜೂನ್ ೨

ಗುಬ್ಬಿ,

ಗೀರು ದೊಡ್ಡದಲ್ಲ. ಬಂದಾಗ ಉಜ್ಜಿ ಕೊಡುತ್ತೇನೆ.

ಮಳೆ ಹಿಡಿದಿದೆ. ಮೂರು ದಿನದಿಂದ ಜರಡಿ ಮಾವನ ಮೆಟ್ಟಿಲು ನೀರಿನೊಳಗಿದೆ. ಅವನು ಅಂಗಡಿ ಅಂಗಡಿಗೆ ಹೋಗಿ ಹರಟೆ ಹೊಡೆಯುತ್ತಿದ್ದಾನೆ.

ಯಾರಿಗೂ ಹೇಳಲಿಲ್ಲ ಎಂದು ನನಗೆ ಬರೆದಿದ್ದೀಯ. ಯಾರಿಗೂ ಹೇಳಬಾರದ ವಿಷಯ ಆಗಿದ್ದರೆ ನನಗೂ ಬರೆಯುತ್ತಿರಲಿಲ್ಲ. ಯೋಚನೆ ಮಾಡು.

ಅಪ್ಪ


ಜುಲೈ ೧೮

ಅಪ್ಪಾ,

ಈ ಪತ್ರವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ. ವಿಷಯ ಸರಿಯಾಗಿ ಒಂದರ ನಂತರ ಒಂದು ಹೇಳುತ್ತೇನೆ.

ಕೆಸರಿನ ಫಲಿತಾಂಶ ಬಂದಿದೆ. ಒಂದು ಕಿಲೋ ಕೆಸರಿನಲ್ಲಿ ಕ್ಯಾಡ್ಮಿಯಂ ಅರ್ಧ ಮಿಲಿಗ್ರಾಂ ಇದ್ದರೆ ಹೆಚ್ಚು. ಎಂಟು ಜಾಗದಲ್ಲಿ ಅಷ್ಟೂ ಇಲ್ಲ. ಮೂರನೇ ಜಾಗದಲ್ಲಿ ಇಪ್ಪತ್ತೆಂಟು.

ನಮ್ಮ ಸೇತುವೆಯಿಂದ ಕೆಳಗೆ ದಡದ ಉದ್ದಕ್ಕೂ ಸೊಪ್ಪು ತರಕಾರಿ ಬೆಳೆಯುವವರಿದ್ದಾರಲ್ಲ. ನೆರೆ ಇಳಿದ ಮೇಲೆ ಅವರು ಸೇತುವೆ ಕೆಳಗಿನ ಹೂಳು ಎತ್ತಿ ಮಡಿಗೆ ಹಾಕುತ್ತಾರೆ. ಹೂಳಿನಲ್ಲಿರುವ ಕ್ಯಾಡ್ಮಿಯಂ ಸೊಪ್ಪಿಗೆ ಏರುತ್ತದೆ, ತಿಂದವರ ಮೂತ್ರಪಿಂಡದಲ್ಲಿ ಕೂರುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ವರದಿ ಆಗಸ್ಟ್ ಕೊನೆಗೆ ನದಿ ಮಾಲಿನ್ಯದ ಸಮಿತಿಯ ಮುಂದೆ ಹೋಗಬೇಕು. ಹೋದರೆ ಹೂಳು ಎತ್ತುವುದು ನಿಲ್ಲುತ್ತದೆ. ಜೊತೆಗೆ ಚರಂಡಿ ಎಲ್ಲಿಂದ ಬರುತ್ತದೆ ಎಂದು ನೋಡುತ್ತಾರೆ. ನಮ್ಮ ಬೀದಿಯಿಂದ. ಹನ್ನೊಂದು ಅಂಗಡಿಗೂ ಬೀಗ ಬೀಳುತ್ತದೆ. ನಿಮ್ಮದಕ್ಕೂ.

ಸಂಖ್ಯೆ ನೋಡಿದ ದಿನ ನಾನು ದೊಡ್ಡ ಮೇಡಂ ಹತ್ತಿರ ಹೋಗಿ ಉಂಗುರದ ವಿಷಯ ಹೇಳಿಬಿಟ್ಟೆ. ಹರಿದ ಕೈಗವಸು, ಗೀರು, ಮೊಳೆಗೆ ಸರ ತೂಗುಹಾಕಿದ್ದು, ಎಲ್ಲ. ಅವರು ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಮೂರು ತಿಂಗಳು ಕೈಯಲ್ಲಿ ಇಟ್ಕೊಂಡೇ ಓಡಾಡಿದ್ಯಲ್ಲಮ್ಮ" ಎಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಈಗ ವಿಷಯ ಏನೆಂದರೆ, ಚಿನ್ನದ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುತ್ತದೆ. ಕಣ್ಣಿಗೆ ಕಾಣದಷ್ಟು ಚೂರು ಉದುರಿದರೂ ಇಪ್ಪತ್ತೆಂಟು ಬರಬಹುದು. ಹಾಗಾಗಿ ಅದು ನದಿಯದೋ ಉಂಗುರದ್ದೋ ಹೇಳಲು ಆಗುತ್ತಿಲ್ಲ. ಇನ್ನೊಮ್ಮೆ ನೋಡೋಣವೆಂದರೆ ಅರೆಯದ ಕೆಸರು ಉಳಿದಿಲ್ಲ, ಮತ್ತೆ ತರೋಣವೆಂದರೆ ನದಿ ತುಂಬಿ ಹರಿಯುತ್ತಿದೆ. ಇಂಥ ಸಂದರ್ಭಕ್ಕೆ ಒಂದು ನಮೂನೆ ಇದೆ, ಉಂಗುರ ಮಾಡಿದವರು ತುಂಬಬೇಕಾದದ್ದು: ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದೆಯೇ, ಜೋಡಣೆ ಎಲ್ಲಿದೆ. ಪಾಲಿಶ್ ಆದ ಮೇಲೆ ಜೋಡಣೆ ಮಾಡಿದವರಿಗಲ್ಲದೆ ಬೇರೆಯವರಿಗೆ ಕಾಣುವುದಿಲ್ಲವಲ್ಲ. ಇಲ್ಲ ಎಂದರೆ ಉಂಗುರ ಕೆರೆದು ಖಾತ್ರಿ ಮಾಡಿಕೊಳ್ಳುತ್ತಾರೆ. ಇದೆ ಎಂದರೆ ಅಷ್ಟೇ ಸಾಕು. ಮೂರನೇ ಜಾಗದ ಮಾದರಿ ರದ್ದು. ವರದಿಯಲ್ಲಿ ಎಂಟೇ ಜಾಗ ಇರುತ್ತವೆ.

ನೀವು ಎಲ್ಲ ಉಂಗುರಕ್ಕೂ ಅದೇ ಬೆಸುಗೆ ಹಾಕುತ್ತಿದ್ದಿರಿ ಎಂದು ನನಗೆ ನೆನಪಿದೆ. ಊದುಕೊಳವೆ ಹಿಡಿದಾಗ ಹಳದಿ ಹೊಗೆ ಬರುತ್ತಿತ್ತು. ನನ್ನನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದಿರಿ.

ಉಂಗುರ ಮಾಡಿದವರು ಯಾರೆಂದು ಮೇಡಂ ಕೇಳಿಲ್ಲ. ನಾನು ಹೇಳಿಲ್ಲ. ನಮೂನೆ ಇದರ ಜೊತೆ ಇಟ್ಟಿದ್ದೇನೆ.

ನಿಮ್ಮ ಮಗಳು


ಆಗಸ್ಟ್ ೩

ಗುಬ್ಬಿ,

ಪತ್ರ ಬಂದ ದಿನ ಎದುರಂಗಡಿ ದೊಡ್ಡಪ್ಪ ಇಲ್ಲೇ ಕೂತಿದ್ದರು. ನನ್ನ ಮುಖ ನೋಡಿ ಏನು ಎಂದು ಕೇಳಿದರು. ಹೇಳಿದೆ. ಹೇಳಬಾರದಿತ್ತು.

ಮರುದಿನ ಹತ್ತೂ ಅಂಗಡಿಯವರು ಬಂದರು. ಕೂರಲು ಜಾಗ ಸಾಲದೆ ಇಬ್ಬರು ತಕ್ಕಡಿಯ ಮೇಜಿನ ಮೇಲೆ ಕೂತರು. ಮೊದಲು ಯಾರೂ ವಿಷಯ ಎತ್ತಲಿಲ್ಲ. ನಿನ್ನ ಲಿಫ್ಟ್ ಸರಿಹೋಯಿತೇ ಎಂದು ಕೇಳಿದರು. ಆಮೇಲೆ ದೊಡ್ಡಪ್ಪ ಶುರು ಮಾಡಿದರು.

"ನೋಡೋ ತಮ್ಮ, ಒಂದು ಪದ. ಇದೆ ಅಂತ ಬರೆದ್ರೆ ಮುಗೀತು."

ನಾನು ಊದುಕೊಳವೆ ಎತ್ತಿ ಪಕ್ಕಕ್ಕಿಟ್ಟೆ.

"ಅದು ಸುಳ್ಳೂ ಅಲ್ಲ ಬಿಡು. ನಾವೆಲ್ಲ ಹಾಕೋದು ಅದನ್ನೇ ತಾನೆ? ನೀನು ಹಾಕಲ್ವಾ?"

"ಹಾಕ್ತೀನಿ" ಎಂದೆ.

"ಮತ್ತೆ? ಎಲ್ಲರ ಉಂಗುರಕ್ಕೂ ಹಾಕೋನು ಮಗಳ ಉಂಗುರಕ್ಕೆ ಹಾಕಿರಲ್ವಾ?" ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕರು. ಜರಡಿ ಮಾವ ಬಾಗಿಲಲ್ಲಿ ನಿಂತಿದ್ದ. ಅವನೊಬ್ಬ ನಗಲಿಲ್ಲ.

ನಮೂನೆ ಮಣೆಯ ಮೇಲಿದೆ. ಗಾಳಿಗೆ ಹಾರದಂತೆ ಚಿನ್ನ ಬಡಿಯುವ ಅಡಿಗಲ್ಲು ಇಟ್ಟಿದ್ದೇನೆ. ಇನ್ನೂ ತುಂಬಿಲ್ಲ.

ನೀನು ಏನು ಉತ್ತರ ಬೇಕೆಂದು ಬರೆದಿಲ್ಲ. ಆದರೆ ಹಳದಿ ಹೊಗೆಯ ಬಗ್ಗೆ ಬರೆದಿದ್ದೀಯ.

ಅಪ್ಪ


ಆಗಸ್ಟ್ ೧೦

ಅಪ್ಪಾ,

ನನಗೆ ಬೇಕಾಗಿದ್ದ ಉತ್ತರ "ಇದೆ". ನಿಮ್ಮನ್ನು ಕೇಳಿದ್ದೂ ಅದು ಸಿಗುತ್ತದೆ ಎಂದೇ. ಈಗ ಒಪ್ಪಿಕೊಳ್ಳುತ್ತಿದ್ದೇನೆ.

ನಿನ್ನೆ ಇವರು ಮಾರುಕಟ್ಟೆಯಿಂದ ಸೊಪ್ಪು ತಂದರು. ತೊಳೆಯುತ್ತಾ ನಿಂತವಳು ಮೂರು ಸಲ ತೊಳೆದೆ, ಆಮೇಲೂ ಕತ್ತರಿಸಲಿಲ್ಲ. ಇವರು ಬಂದು ನೋಡಿ, "ಯಾವ ದಡದ್ದು ಅಂತ ಕೇಳ್ಕೊಂಡು ತರ್ಬೇಕಿತ್ತಾ?" ಎಂದರು. ಅಷ್ಟೇ. ಸೊಪ್ಪು ಕಟ್ಟಿಟ್ಟು ಅನ್ನ ಮಾತ್ರ ಮಾಡಿದೆವು. ಅದು ಯಾವ ದಡದ್ದೋ ನಮಗೆ ಗೊತ್ತೂ ಇಲ್ಲ. ಗೊತ್ತಿಲ್ಲದವರು ಇವತ್ತೂ ಕೊಂಡಿರುತ್ತಾರೆ.

ಬೆಳಿಗ್ಗೆ ಮೇಡಂಗೆ ಹೇಳಿದೆ, ಉಂಗುರ ಮಾಡಿದವರು ನನ್ನ ಅಪ್ಪ, ಅಂಗಡಿ ಇರುವುದು ಆ ಬೀದಿಯಲ್ಲೇ ಎಂದು. ಅವರು ಎದ್ದು ಬಂದರು. ಮೂರನೇ ಜಾಗದ ಕಡತ ನನ್ನ ಮೇಜಿನಿಂದ ಎತ್ತಿಕೊಂಡರು. "ಅವರು ಬರೆದದ್ದನ್ನ ನಾನು ತೆರೀತೀನಿ, ನೀನು ಬೇಡ" ಎಂದರು. ಹಾಗಾಗಿ ನಮೂನೆಯನ್ನು ಅವರ ವಿಳಾಸಕ್ಕೆ ಕಳಿಸಿ. ನನಗೆ ಬೇರೆ ಬರೆಯಿರಿ.

ಏನೇ ಬರೆದರೂ ಸರಿ. ನಾನು ಇನ್ನು ಕೇಳುವುದಿಲ್ಲ.

ಕೆಮ್ಮು ಹವಾಮಾನದ್ದು ಎಂದು ಏಪ್ರಿಲ್‌ನಲ್ಲಿ ಬರೆದಿದ್ದಿರಿ. ಅದಾದ ಮೇಲೆ ಹವಾಮಾನ ಎರಡು ಸಲ ಬದಲಾಗಿದೆ.

ನಿಮ್ಮ,
ಗುಬ್ಬಿ


ಆಗಸ್ಟ್ ೧೯

ಗುಬ್ಬಿ,

ನಿನ್ನ ಮೇಡಂಗೆ ಕಳಿಸಿದ್ದರ ಪ್ರತಿ ಇದು:

"ಈ ಉಂಗುರ ಮಾಡಿದವನು ನಾನು. ಇದರಲ್ಲಿ ಕ್ಯಾಡ್ಮಿಯಂ ಇಲ್ಲ. ಜೋಡಣೆ ಎಲ್ಲಿದೆ ಎಂಬ ಸಾಲನ್ನು ಖಾಲಿ ಬಿಟ್ಟಿದ್ದೇನೆ, ಏಕೆಂದರೆ ಜೋಡಣೆ ಇಲ್ಲ. ಎಲ್ಲಿ ಬೇಕಾದರೂ ಕೆರೆದು ನೋಡಬಹುದು. ನನ್ನ ಅಂಗಡಿಯಲ್ಲಿ ಮಿಕ್ಕ ಎಲ್ಲ ಒಡವೆಗೂ ಕ್ಯಾಡ್ಮಿಯಂ ಬೆಸುಗೆ ಹಾಕುತ್ತೇನೆ. ಅಂಗಡಿಯ ಚರಂಡಿ ಸೇತುವೆ ಕೆಳಗೆ ಹೋಗುತ್ತದೆ."

ಇನ್ನು ನಿನಗೆ.

ಸಾಧಾರಣವಾಗಿ ಉಂಗುರ ಎಂದರೆ ಒಂದು ಪಟ್ಟಿಯನ್ನು ಬಗ್ಗಿಸಿ ತುದಿಗಳನ್ನು ಬೆಸೆಯುವುದು. ಅರ್ಧ ಗಂಟೆಯ ಕೆಲಸ. ನಿನ್ನದನ್ನು ಹಾಗೆ ಮಾಡಲಿಲ್ಲ. ಒಂದು ಬಿಲ್ಲೆ ತಟ್ಟಿ, ನಡುವೆ ತೂತು ಕೊರೆದು, ಕೋಲಿಗೆ ಹಾಕಿ ಬಡಿಯುತ್ತಾ ಅಗಲ ಮಾಡಿದೆ. ನಾಲ್ಕು ಏಟಿಗೊಮ್ಮೆ ಕಾಯಿಸಬೇಕು, ಅವಸರ ಮಾಡಿದರೆ ಸೀಳುತ್ತದೆ. ಹನ್ನೆರಡು ದಿನ ಹಿಡಿಯಿತು. ನಿನ್ನ ಅಳತೆಗೆ ಇನ್ನೂ ಒಂದು ಕೂದಲೆಳೆ ಬೇಕಿತ್ತು. ಅಂಚು ತೆಳುವಾಗುತ್ತಿತ್ತು, ನಿಲ್ಲಿಸಿದೆ. ಬಿಗಿಯಾದದ್ದು ಅದಕ್ಕೆ. ಕತ್ತರಿಸಬೇಡ ಎಂದದ್ದೂ ಅದಕ್ಕೆ.

ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳುತ್ತೀಯ. ಆರು ವರ್ಷದ ಹಿಂದೆ ಡಾಕ್ಟರು ನನ್ನ ಎದೆಯ ಚಿತ್ರ ನೋಡಿ ಏನು ಕೆಲಸ ಎಂದು ಕೇಳಿದರು. ಹೇಳಿದೆ. ಆ ಹಳದಿ ಹೊಗೆ ನಿಲ್ಲಿಸಿ ಎಂದರು. ಬೇರೆ ಬೆಸುಗೆ ತರಿಸಿದೆ. ಅದು ಸುಲಭವಾಗಿ ಹರಿಯುವುದಿಲ್ಲ, ಜೋಡಣೆ ಗೆರೆಯ ಹಾಗೆ ಕಾಣುತ್ತದೆ. ಗಿರಾಕಿಗಳು, "ಏನಿದು, ಒಡೆದದ್ದನ್ನ ಅಂಟಿಸಿ ಕೊಟ್ಟಿದ್ದೀರಾ?" ಎಂದು ವಾಪಸು ತಂದರು. ನಾಲ್ಕು ತಿಂಗಳಲ್ಲಿ ಹಳೆಯದಕ್ಕೇ ಬಂದೆ. ಗೊತ್ತಿದ್ದೂ ಬಂದೆ. ನಿನ್ನ ಕೈಗೆ ಮಾತ್ರ ಅದು ಬೇಡ ಅನ್ನಿಸಿತು. ಬೇರೆಯವರ ಕೈಯೂ ಕೈಯೇ ಎಂದು ಅನ್ನಿಸಲಿಲ್ಲ.

ಇನ್ನೊಂದು ವಿಷಯ ನಮೂನೆಯಲ್ಲಿ ಕೇಳಿರಲಿಲ್ಲ. ನೀನು ಹುಟ್ಟಿದ ವರ್ಷದಿಂದ ನನ್ನ ಮಣೆಯ ಕೆಳಗೆ ಗುಡಿಸಿದ ಧೂಳನ್ನು ಬೇರೆ ಡಬ್ಬದಲ್ಲಿ ಇಡುತ್ತಿದ್ದೆ. ವರ್ಷಕ್ಕೊಮ್ಮೆ ಜರಡಿ ಮಾವ ತೊಳೆದು ಕೊಡುತ್ತಿದ್ದ. ಇಪ್ಪತ್ತಾರು ಡಬ್ಬ. ಅದನ್ನೆಲ್ಲ ಆಸಿಡ್‌ನಲ್ಲಿ ಶುದ್ಧ ಮಾಡಿ ಕರಗಿಸಿದ್ದು ನಿನ್ನ ಉಂಗುರ. ನಮ್ಮ ಬೀದಿಯಲ್ಲಿ ಒಂದು ಚೂರೂ ಹಾಳಾಗುವುದಿಲ್ಲ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ನಮಗೆ ಬೇಕಾದದ್ದು ಹಾಳಾಗುತ್ತಿರಲಿಲ್ಲ. ಇಪ್ಪತ್ತಾರು ಡಬ್ಬದಲ್ಲಿ ನಿನ್ನ ಬೆರಳಿಗೆ ಬಂದದ್ದು ಬಿಟ್ಟು ಮಿಕ್ಕದ್ದೆಲ್ಲ ಮೂರನೇ ಜಾಗದಲ್ಲಿದೆ. ನೀನು ಅರ್ಧ ಲೋಟ ಅರೆದದ್ದು ಅದನ್ನೇ.

ಬೀದಿಯವರಿಗೆ ನಾಳೆ ಹೇಳುತ್ತೇನೆ.

ಅಪ್ಪ


ಅಕ್ಟೋಬರ್ ೬

ಅಪ್ಪಾ,

ನೀವು ಬರೆದು ಏಳು ವಾರ. ನಾನು ಬರೆಯದೆಯೂ ಏಳು ವಾರ. ಶುರು ನಾನೇ ಮಾಡುತ್ತೇನೆ.

ಉಂಗುರವನ್ನು ಮೂರು ಕಡೆ ಕೆರೆದು ನೋಡಿದರು. ಕ್ಯಾಡ್ಮಿಯಂ ಇಲ್ಲ. ಇಪ್ಪತ್ತೆಂಟು ಕೆಸರಿನದೇ. ವರದಿ ಒಂಬತ್ತು ಜಾಗಗಳೊಂದಿಗೆ ಹೋಯಿತು. ನನ್ನ ಹೆಸರು ಅದರಲ್ಲಿಲ್ಲ, ಇರಬಾರದು. ಈ ವರ್ಷ ಸೇತುವೆ ಕೆಳಗಿನ ಹೂಳು ಯಾರೂ ಎತ್ತಲಿಲ್ಲವಂತೆ. ಬೀದಿಗೆ ನೋಟಿಸು ಬಂದದ್ದನ್ನು ಪತ್ರಿಕೆಯಲ್ಲಿ ಓದಿದೆ. ನಾಲ್ಕು ಸಾಲಿನ ಸುದ್ದಿ, ಟೈರು ಜಾಹೀರಾತಿನ ಪಕ್ಕ.

ಕೆರೆಯುವುದಕ್ಕೆ ಉಂಗುರ ತೆಗೆಯಬೇಕಿತ್ತಲ್ಲ. ದೊಡ್ಡ ಮೇಡಂ ನೀವು ಬರೆದುಕೊಟ್ಟ ಚಿತ್ರ ನೋಡಿಕೊಂಡು ತಾವೇ ನೂಲು ಸುತ್ತಿದರು. ಈ ಸಲ ಬಂತು. ನಾನು ಸ್ವಲ್ಪ ಇಳಿದಿದ್ದೇನೆ ಅನ್ನುತ್ತಾರೆ ಇವರು, ಮೆಟ್ಟಿಲ ಪ್ರಭಾವ ಎಂದು ನಾನು ಹೇಳುತ್ತೇನೆ. ಈಗ ದಿನಾ ಬಾಗಿಲಲ್ಲಿ ಬಿಚ್ಚಿ ಏಳನೇ ಮೊಳೆಗೆ ಹಾಕುತ್ತೇನೆ. ಯಾರೂ ಚೇಷ್ಟೆ ಮಾಡುವುದಿಲ್ಲ. ಬೆರಳಿನ ಮೇಲೆ ಬೆಳ್ಳಗಿನ ಗುರುತು ಇದೆ. ಮೂರು ಗೀರು ಹೊಸದು, ಒಂದು ಹಳೆಯದು. ಉಜ್ಜಿಸುವುದು ಬೇಡ.

ಪಾರ್ಸೆಲ್‌ನಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಇದೆ. ನಮ್ಮ ಪಕ್ಕದ ಕೋಣೆಯವರು ಮೂತ್ರದಲ್ಲಿರುವ ಕ್ಯಾಡ್ಮಿಯಂ ನೋಡುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣದ್ದು ತುಂಬಿ, ಮುಚ್ಚಳ ಬಿಗಿ ಮಾಡಿ, ಐಸ್ ಇಟ್ಟು ಕಳಿಸಿ. ತುಂಬುವಾಗ ಕೈಯಲ್ಲಿ ಲೋಹ ಇರಬಾರದು. ಬಾಟಲಿಯ ಚೀಟಿ ಖಾಲಿ ಬಿಟ್ಟಿದ್ದೇನೆ. ಹವಾಮಾನದ ಬಗ್ಗೆ ಬರೆಯಬೇಡಿ.

ಲಿಫ್ಟ್ ಇನ್ನೂ ಸರಿಹೋಗಿಲ್ಲ.

ಗುಬ್ಬಿ


ನವೆಂಬರ್ ೧೪

ಗುಬ್ಬಿ,

ಬೀದಿಯಲ್ಲಿ ಸುತ್ತಿಗೆಯ ಸದ್ದಿಲ್ಲ. ಕಿವಿ ಕೇಳದ ನನಗೂ ಅದು ಗೊತ್ತಾಗುತ್ತಿದೆ. ಚರಂಡಿಯ ತುದಿಯಲ್ಲಿ ತೊಟ್ಟಿ ಕಟ್ಟಿ, ಕೆಸರು ಅಲ್ಲೇ ತಂಗುವಂತೆ ಮಾಡಿ, ಬೆಸುಗೆ ಬದಲಿಸಿದರೆ ಅಂಗಡಿ ತೆರೆಯಬಹುದು ಎಂದಿದ್ದಾರೆ. ತೊಟ್ಟಿಗೆ ಗುಣಿ ತೋಡುತ್ತಿದ್ದಾರೆ. ಜರಡಿ ಮಾವ ದಿನಾ ಬಂದು ಅದರ ಅಂಚಿನಲ್ಲಿ ಕೂರುತ್ತಾನೆ.

ಉತ್ತರ ಬರೆದದ್ದನ್ನು ಹೇಳಿದ ದಿನ ಯಾರೂ ಜಗಳ ಮಾಡಲಿಲ್ಲ. ಎದ್ದು ಹೋದರು. ಎದುರಂಗಡಿ ದೊಡ್ಡಪ್ಪ ಸುಮಾರು ಮೂರು ತಿಂಗಳು ನನ್ನ ಕಡೆ ತಿರುಗಿ ನೋಡಲಿಲ್ಲ. ನಿನ್ನ ಬಾಟಲಿ ಬಂದು ಐದು ವಾರ ಕಪಾಟಿನ ಮೇಲೆ ಕೂತಿತ್ತು. ಎದುರಿನಿಂದ ಕಾಣುತ್ತದೆ. ಮೊನ್ನೆ ದೊಡ್ಡಪ್ಪ ರಸ್ತೆ ದಾಟಿ ಬಂದರು, ಬಾಗಿಲಲ್ಲೇ ನಿಂತರು.

"ಅದೇನೋ ಅದು, ಖಾಲಿ ಬಾಟ್ಲಿ ಇಟ್ಕೊಂಡು ಪೂಜೆ ಮಾಡ್ತಿದ್ಯಾ?"

ಏನೆಂದು ಹೇಳಿದೆ. ಸ್ವಲ್ಪ ಹೊತ್ತು ಕೆಮ್ಮಿದರು. ಅವರದೂ ನನ್ನ ಥರದ್ದೇ ಕೆಮ್ಮು. ನಾವಿಬ್ಬರೂ ಅದನ್ನು ಯಾವತ್ತೂ ಮಾತಾಡಿರಲಿಲ್ಲ.

"ಒಂದೇ ಕಳ್ಸಿದ್ದಾಳಾ?" ಎಂದರು.

ಇವತ್ತು ಬೆಳಿಗ್ಗೆ ತುಂಬಿಸಿದೆ. ನೀನು ಬರೆದ ಹಾಗೆಯೇ. ಉಂಗುರ, ಗಡಿಯಾರ ಬಿಚ್ಚಿ ಗೋಡೆಯ ಮೊಳೆಗೆ ಹಾಕಿದ್ದೆ. ಚೀಟಿಯಲ್ಲಿ ಹೆಸರು ಬರೆಯಬೇಕೋ ಏನೋ ತಿಳಿಯಲಿಲ್ಲ. ನಿಮ್ಮ ವರದಿ ಒಂಬತ್ತು ಜಾಗಕ್ಕೆ ನಿಂತಿತ್ತಲ್ಲ. "ಜಾಗ ಹತ್ತು" ಎಂದು ಬರೆದಿದ್ದೇನೆ.

ಬೀದಿಯ ಮಿಕ್ಕವರಿಗೆ ಇನ್ನೂ ಹತ್ತು ಬಾಟಲಿ ಕಳಿಸು. ಜರಡಿ ಮಾವನಿಗೆ ಸೇರಿ ಹನ್ನೊಂದು.

ಅಪ್ಪ